ಗೋಮಾಳದ ಲಂಟಾನ: ಸವರಿದಷ್ಟೂ ದಟ್ಟವಾಗುತ್ತಿದೆ, ಬುಡಸಮೇತ ಹೋಗಿಸುವುದು ಹೇಗೆ?

ಕಾಡಂಚು_ಗುಂಡ್ಲುಪೇಟೆ
ಬಂಡೀಪುರದ ಅಂಚಿನ ಊರ ಗೋಮಾಳ, ಸುಮಾರು 6 ಎಕರೆ. ಮುಕ್ಕಾಲು ಭಾಗ ಲಂಟಾನ, ಆಳೆತ್ತರ ದಾಟಿದೆ. ದನ ಒಳಗೆ ಕಾಲಿಡಲ್ಲ, ಹಂದಿಗಳು ಮಾತ್ರ ಅಲ್ಲೇ ಸಂಸಾರ ಹೂಡಿವೆ. ಹಿಂದೆ ಮಚ್ಚಿನಲ್ಲಿ ಸವರಿಸಿ ಬಿಟ್ಟಿದ್ದಾರೆ. ಒಂದು ಕಡ್ಡಿ ಇದ್ದ ಕಡೆ ಈಗ ಹತ್ತು ಕಡ್ಡಿ. ಊರಲ್ಲಿ ಮೂರು ಪಕ್ಷ: ಜೆಸಿಬಿ ಪಕ್ಷ, ಬೆಂಕಿ ಪಕ್ಷ, ಕಳೆನಾಶಕ ಪಕ್ಷ. ಪಂಚಾಯ್ತಿಯವರು ಮುಂಗಾರಿಗೆ ಮುಂಚೆ ಒಂದು ತೀರ್ಮಾನ ಹೇಳಿ ಅಂತಿದ್ದಾರೆ.

ಇನ್ನೊಂದು ವಿಷಯ. ಕಾಡಿನ ಕಡೆಯ ಅಂಚಿನಲ್ಲಿ ಹಳದಿ ಹೂವಿನ ಗಿಡಗಳು ಸಾಲಾಗಿ ಎದ್ದಿವೆ. ಕೆಲವರು ಕಕ್ಕೆ ಅಂತಾರೆ, ಬಿಡಿ ಚೆನ್ನಾಗಿದೆ ಅಂತಾರೆ. ನಿಜವಾಗಿ ಕಕ್ಕೆಯೇ? ಗೊತ್ತಿದ್ದವರು ಹೇಳಿ.

ಟ್ರ್ಯಾಕ್ಟರ್_ಪ್ರಿಯ
ಇದಕ್ಕೆ ಚರ್ಚೆ ಯಾಕೆ ಸ್ವಾಮಿ. ಜೆಸಿಬಿ ತರಿಸಿ, ಎರಡು ದಿನದಲ್ಲಿ ನೆಲ ಬಯಲಾಗುತ್ತೆ. ಕೈಯಲ್ಲಿ ಕೀಳ್ತಾ ಕೂತ್ರೆ ಮೊಮ್ಮಕ್ಕಳ ಕಾಲಕ್ಕೆ ಮುಗಿಯುತ್ತೆ.

ಬೇರು_ನೋಡಿ
ಎರಡು ದಿನದಲ್ಲಿ ಬಯಲಾಗುತ್ತೆ, ಎರಡು ವರ್ಷದಲ್ಲಿ ಮೊದಲಿಗಿಂತ ದಟ್ಟವಾಗುತ್ತೆ. ಕಾರಣ ಹೇಳ್ತೀನಿ.

ಲಂಟಾನ ಮತ್ತೆ ಚಿಗುರುವುದು ಬೇರಿನ ತುದಿಯಿಂದಲ್ಲ. ಕಾಂಡ ಮುಗಿದು ಬೇರು ಶುರುವಾಗುವ ಕಡೆ, ಮಣ್ಣಿನ ಮಟ್ಟದಲ್ಲೇ, ಒಂದು ದಪ್ಪ ಗಂಟು ಇರುತ್ತೆ. ಮೊಗ್ಗುಗಳೆಲ್ಲ ಅಲ್ಲಿ ಮಲಗಿರುತ್ತವೆ. ಮಚ್ಚಿನಲ್ಲಿ ಸವರಿದರೆ ಗಂಟು ಪೂರ್ತಿ ಉಳಿಯುತ್ತೆ, ಎಲ್ಲ ಮೊಗ್ಗೂ ಒಟ್ಟಿಗೆ ಏಳುತ್ತವೆ. ನೀವು ನೋಡ್ತಿರೋ 'ಒಂದಕ್ಕೆ ಹತ್ತು' ಅದೇ. ಜೆಸಿಬಿ ಆ ಗಂಟನ್ನು ಒಡೆದು ಅಲ್ಲಲ್ಲೇ ಮಣ್ಣಲ್ಲಿ ಹೂಳುತ್ತೆ. ಜೊತೆಗೆ ಒಂದಡಿ ಮಣ್ಣು ತಿರುವಿ ಹಾಕಿ, ಕೆಳಗೆ ಕತ್ತಲಲ್ಲಿದ್ದ ಬೀಜಕ್ಕೆಲ್ಲ ಬೆಳಕು ತೋರಿಸುತ್ತೆ. ಅಳಿದುಳಿದ ಹುಲ್ಲಿನ ಬೇರೂ ಹೋಯ್ತು. ಇಳಿಜಾರಿದ್ದರೆ ಮೇಲ್ಮಣ್ಣು ಮೊದಲ ಜೋರು ಮಳೆಗೇ ಹಳ್ಳ ಸೇರುತ್ತೆ.

ಸರಿಯಾದ ದಾರಿ, ಬುಡದ ಗಂಟಿನ ಕೆಳಗೆ ಬೇರು ಕತ್ತರಿಸೋದು. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ.ಆರ್. ಬಾಬು ಅವರ ತಂಡ ರೂಪಿಸಿದ ವಿಧಾನ, ಉತ್ತರಾಖಂಡದ ಕಾರ್ಬೆಟ್ ಹುಲಿ ಕಾಡಿನಲ್ಲಿ ದೊಡ್ಡ ಮಟ್ಟದಲ್ಲಿ ಬಳಸಿದ್ದಾರೆ. ಹೀಗೆ:

ಒಬ್ಬ ಕೊಕ್ಕೆಕೋಲಿನಿಂದ ಪೊದೆಯನ್ನು ಒಂದು ಬದಿಗೆ ಬಾಗಿಸಿ ಬುಡ ಕಾಣುವಂತೆ ಹಿಡಿಯಬೇಕು. ಇನ್ನೊಬ್ಬ ಕಿರಿದಾದ, ಚೂಪಾದ ಗುದ್ದಲಿಯಿಂದ ತಾಯಿಬೇರನ್ನು ಮಣ್ಣಿನ ಮಟ್ಟಕ್ಕಿಂತ 3ರಿಂದ 5 ಸೆಂ.ಮೀ. ಕೆಳಗೆ ಓರೆಯಾಗಿ ಹೊಡೆಯಬೇಕು. ಅಷ್ಟೇ ಆಳ, ಹೆಚ್ಚಿಗೆ ಅಗೆಯಬಾರದು. ಮೂರನೆಯವನು ಪೊದೆಯನ್ನು ಇಡಿಯಾಗಿ ಎತ್ತಿ ತಲೆಕೆಳಗು ಮಾಡಿ ಇಡಬೇಕು, ಬುಡ ಆಕಾಶ ನೋಡುವಂತೆ. ಈ ಕೊನೆಯ ಕೆಲಸ ಬಿಟ್ಟರೆ ಮಾಡಿದ್ದೆಲ್ಲ ದಂಡ. ಲಂಟಾನದ ಕಡ್ಡಿ ಹಸಿ ಮಣ್ಣಿಗೆ ತಾಗಿದ ಕಡೆ ಗೆಣ್ಣಿನಿಂದ ಬೇರು ಬಿಡುತ್ತೆ. ಕತ್ತರಿಸಿ ಅಡ್ಡ ಮಲಗಿಸಿದ ಗಿಡ ಒಂದು ವಾರ ಮಳೆ ಹಿಡಿದರೆ ಅಲ್ಲೇ ಕೂತುಬಿಡುತ್ತೆ.

ಎಳೆದುಕೊಂಡು ಹೋಗಿ ಒಂದೇ ಕಡೆ ರಾಶಿ ಹಾಕೋಕೆ ಹೋಗಬೇಡಿ. ಹಣ್ಣು ದಾರಿಯುದ್ದಕ್ಕೂ ಉದುರುತ್ತೆ. ಇದ್ದಲ್ಲೇ ಒಣಗಲಿ.

ಕಾಡಂಚು_ಗುಂಡ್ಲುಪೇಟೆ
@ಬೇರು_ನೋಡಿ ಯಾವ ತಿಂಗಳು ಶುರು ಮಾಡೋದು ಒಳ್ಳೇದು? ಮೇ ತಿಂಗಳಲ್ಲಿ ನೆಲ ಕಲ್ಲಾಗಿರುತ್ತೆ.

ಬೇರು_ನೋಡಿ
ಒಂದೆರಡು ಹದಮಳೆ ಬಿದ್ದ ಮೇಲೆ. ಮಣ್ಣು ಮೆತ್ತಗಿದ್ದರೆ ಬುಡ ಸಲೀಸಾಗಿ ಬರುತ್ತೆ, ಎಳೆ ಗಿಡ ಕೈಯಲ್ಲೇ ಕಿತ್ತು ಬರುತ್ತೆ. ಕಾಯಿ ಹಣ್ಣಾಗೋಕೆ ಮುಂಚೆ ಆ ತುಂಡು ಮುಗಿದಿರಬೇಕು. ಒಂದು ದೊಡ್ಡ ಪೊದೆ ವರ್ಷಕ್ಕೆ 12,000 ಹಣ್ಣಿನವರೆಗೂ ಬಿಡುತ್ತೆ ಅನ್ನೋದು ಎಲ್ಲ ಕಡೆ ಉಲ್ಲೇಖವಾಗೋ ಲೆಕ್ಕ. ಕಪ್ಪು ಹಣ್ಣು ತುಂಬಿದ ಗಿಡ ಅಲುಗಾಡಿಸಿದರೆ ನೀವೇ ಬಿತ್ತನೆ ಮಾಡಿದ ಹಾಗೆ.

ಹುಲ್ಲುಬಯಲು
ಕೀಳೋದು ಕಾಲು ಭಾಗದ ಕೆಲಸ. ಇಲ್ಲಿ ಎಲ್ಲರೂ ಅಲ್ಲಿಗೇ ನಿಲ್ಲಿಸ್ತಿದ್ದಾರೆ, ಅದಕ್ಕೇ ಈ ಮಾತು.

ಲಂಟಾನ ತೆಗೆದ ನೆಲ ಖಾಲಿ ಬಿಟ್ಟರೆ ಮೊದಲು ಬರೋದು ಪಾರ್ಥೇನಿಯಂ, ಆಮೇಲೆ ಕಮ್ಯುನಿಸ್ಟ್ ಗಿಡ (ಕ್ರೊಮೊಲೀನಾ ಕಳೆ), ಇವೆರಡರ ನೆರಳಲ್ಲಿ ಮತ್ತೆ ಲಂಟಾನ. ಪಿಕಳಾರ, ಗೊರವಂಕ ಹಣ್ಣು ತಿಂದು ಮರದ ಮೇಲೆ ಕೂತು ಹಿಕ್ಕೆ ಹಾಕುತ್ತವೆ. ಕರಡಿಯೂ ತಿನ್ನುತ್ತೆ. ಆದ್ದರಿಂದ ಹೊಸ ಸಸಿ ಎಲ್ಲ ಕಡೆ ಒಂದೇ ಸಮ ಏಳಲ್ಲ. ದೊಡ್ಡ ಮರಗಳ ಬುಡ, ಬೇಲಿಸಾಲು, ನೀರು ಹರಿಯೋ ಸಣ್ಣ ಕೊರಕಲು, ಈ ಮೂರು ಕಡೆ ಗುಂಪುಗುಂಪಾಗಿ ಏಳುತ್ತೆ. 6 ಎಕರೆ ಪೂರ್ತಿ ಅಲೆಯೋ ಬದಲು ಆ ಜಾಗಗಳನ್ನ ಗುರುತು ಮಾಡಿಕೊಳ್ಳಿ. ಮೊದಲ ವರ್ಷ ಮುಂಗಾರಿನ ನಡುವೆ ಒಮ್ಮೆ, ದೀಪಾವಳಿ ಆಸುಪಾಸು ಒಮ್ಮೆ ಸಸಿ ಕೀಳಬೇಕು. ಮುಂದಿನ ಎರಡು ವರ್ಷವೂ ಬಿಡಬಾರದು. ಮೂರು ವರ್ಷ ನೋಡಿಕೊಳ್ಳೋಕೆ ಆಗದಷ್ಟು ಜಾಗ ತೆರೆಯಲೇಬೇಡಿ.

ಹುಲ್ಲು: ಪಕ್ಕದಲ್ಲೇ ಉಳಿದಿರೋ ಒಳ್ಳೆ ಹುಲ್ಲಿನ ತೇಪೆಯಿಂದ ಬುಡ ಕಿತ್ತು, ನಾಲ್ಕೈದು ಸೀಳು ಮಾಡಿ, ಅಡಿ ಒಂದೂವರೆ ಅಡಿ ಅಂತರದಲ್ಲಿ ಜೂನ್-ಜುಲೈನಲ್ಲಿ ನೆಡಿ. ಥೆಮೆಡಾ, ಹೆಟೆರೊಪೋಗಾನ್ ಜಾತಿಯ ಹುಲ್ಲು ನಿಮ್ಮ ಕಡೆಯ ಒಣಕಾಡಿನವು, ನಿಲ್ಲುತ್ತವೆ. ಗರಿಕೆ ತಾನೇ ಬರುತ್ತೆ. ಮೊದಲ ಮಳೆಗಾಲ ದನ ಬಿಡಬೇಡಿ, ಬುಡ ಕಿತ್ತು ಬರುತ್ತೆ.

ಟ್ರ್ಯಾಕ್ಟರ್_ಪ್ರಿಯ
ಅಷ್ಟು ತಲೆನೋವು ಯಾಕೆ, ಗಿನಿ ಹುಲ್ಲು ಹಾಕಿ, ಬದುವಿಗೆ ಸುಬಾಬುಲ್ ಹಾಕಿ. ಬೇಗ ಬೆಳೆಯುತ್ತೆ, ಮೇವೂ ಆಯ್ತು.

ಹುಲ್ಲುಬಯಲು
ಕಳ್ಳನನ್ನ ಓಡಿಸಿ ದರೋಡೆಕೋರನ ಕೈಗೆ ಬೀಗದ ಕೈ ಕೊಟ್ಟ ಹಾಗಾಯ್ತು 🙂 ಗಿನಿ ಹುಲ್ಲು ಆಫ್ರಿಕಾದ್ದು, ತೋಟದೊಳಗೆ ಕಟಾವು ಮಾಡ್ತಾ ಇದ್ದರೆ ಸರಿ, ಕಾಡಂಚಿನಲ್ಲಿ ಬಿಟ್ಟರೆ ಆಳೆತ್ತರ ಬೆಳೆದು ಬೇಸಿಗೆಗೆ ಒಣಗಿ ಬೆಂಕಿಗೆ ಸೌದೆ. ಸುಬಾಬುಲ್ ಮಧ್ಯ ಅಮೆರಿಕದ್ದು, ಬೀಜ ಸಿಡಿಸಿ ಹಬ್ಬೋದರಲ್ಲಿ ಅದಕ್ಕೂ ಜಗತ್ತಿನಾದ್ಯಂತ ಕೆಟ್ಟ ಹೆಸರಿದೆ. ಮನೆ ಪಕ್ಕದ ಮೇವಿನ ತಾಕು ಬೇರೆ, ಕಾಡು ತಾಗಿದ ಗೋಮಾಳ ಬೇರೆ.

ಜಾಲಿಮುಳ್ಳು_ಸಿರುಗುಪ್ಪ
ಬೇಗ ಬೆಳೀತೈತಿ ಅಂತ ಹಾಕಿದ್ರ ಏನಾಗ್ತದ ಅನ್ನೂದು ನಮ್ಮ ಕಡೆ ಬಂದು ನೋಡ್ರಿ. ಬಳ್ಳಾರಿ ಜಾಲಿ.

ಬಿಳಿಗಿರಿ_ತಪ್ಪಲು
ಬೆಂಕಿ ಪಕ್ಷದವರಿಗೆ ಒಂದು ಮಾತು. 'ಸೋಲಿಗರು ಮೊದಲು ಬೆಂಕಿ ಹಾಕ್ತಿದ್ರು, ಆಗ ಲಂಟಾನ ಇರಲಿಲ್ಲ, ಈಗಲೂ ಹಾಕೋಣ' ಅನ್ನೋ ವಾದ ಅರ್ಧ ಸತ್ಯ.

ಬಿಳಿಗಿರಿರಂಗನಬೆಟ್ಟದಲ್ಲಿ ಸೋಲಿಗರು ಹಾಕ್ತಿದ್ದದ್ದು ತರಗುಬೆಂಕಿ. ಬೇಸಿಗೆ ಕಾವೇರುವ ಮುಂಚೆ, ನೆಲದ ತರಗೆಲೆ, ಒಣಹುಲ್ಲು ಮಾತ್ರ ಸುಡುವ ತಣ್ಣನೆಯ ಬೆಂಕಿ. ಮರದ ತೊಗಟೆಗೂ ತಾಗದ ಹಾಗೆ ಸರಿದು ಹೋಗುತ್ತಿತ್ತು. ಲಂಟಾನದ ಎಳೆ ಸಸಿ, ನೆಲ್ಲಿ ಮರಕ್ಕೆ ಹತ್ತುವ ಬದನಿಕೆ, ಎರಡನ್ನೂ ಅದು ಹತೋಟಿಯಲ್ಲಿ ಇಡುತ್ತಿತ್ತು ಅನ್ನೋದು ಸೋಲಿಗ ಹಿರಿಯರು ಹೇಳುತ್ತ ಬಂದಿರುವ ಮಾತು. 1974ರಲ್ಲಿ ಅಭಯಾರಣ್ಯ ಆದ ಮೇಲೆ ಆ ಬೆಂಕಿ ನಿಂತಿತು. ಅಲ್ಲಿಯ ಅಧ್ಯಯನದಲ್ಲಿ 1997ರಿಂದ 2008ರ ನಡುವೆ ಲಂಟಾನ ಹಲವು ಪಟ್ಟು ಹೆಚ್ಚಿದ್ದು ದಾಖಲಾಗಿದೆ.

ಆದರೆ ಈಗ ಅದೇ ಬೆಂಕಿ ಹಾಕೋಕೆ ಆಗಲ್ಲ. ನೆಲದಲ್ಲಿ ತರಗು ಮಾತ್ರ ಇದ್ದಾಗಿನ ಬೆಂಕಿಗೂ, ಆಳೆತ್ತರದ ಒಣ ಲಂಟಾನ ಇದ್ದಾಗಿನ ಬೆಂಕಿಗೂ ಅಜಗಜಾಂತರ. ಲಂಟಾನ ಏಣಿಯ ಹಾಗೆ, ನೆಲದ ಬೆಂಕಿಯನ್ನ ಮರದ ಕೊಂಬೆಗೆ ಹತ್ತಿಸುತ್ತೆ. 2019ರ ಫೆಬ್ರವರಿಯ ಬಂಡೀಪುರದ ಕಾಡ್ಗಿಚ್ಚಿನಲ್ಲಿ ಏನಾಯ್ತು ಅಂತ ಗುಂಡ್ಲುಪೇಟೆಯವರಿಗೆ ಬೇರೆ ಹೇಳಬೇಕಿಲ್ಲ. ಬೆಂಕಿಗೆ ಮತ್ತಿ, ದಿಂಡಿಗ, ತಡಸಲಿನ ಸಸಿ ಸಾಯುತ್ತವೆ. ಲಂಟಾನ ಮಾತ್ರ ಬುಡದ ಗಂಟಿನಿಂದ ಮತ್ತೆ ಏಳುತ್ತೆ. ಮೇಲಾಗಿ ಕಾಡಂಚಿನಲ್ಲಿ ಬೆಂಕಿ ಹಾಕಿದರೆ ಕೇಸು.

ಒಂದ್_ಸಾಲು
ಸೋಲಿಗರ ಮಾತು 1974ರಲ್ಲೇ ಕೇಳಿದ್ದರೆ ಈ ಚರ್ಚೆಯೇ ಇರ್ತಿರಲಿಲ್ಲ.

ಹುಲ್ಲುಬಯಲು
@ಬಿಳಿಗಿರಿ_ತಪ್ಪಲು ಒಂದು ತಕರಾರು. ಬೆಂಕಿ ನಿಂತಿದ್ದೊಂದೇ ಕಾರಣ ಅನ್ನೋಕೆ ಆಗಲ್ಲ. ಬಿದಿರು ಹೂಬಿಟ್ಟು ಸತ್ತ ಕಡೆ ಬೆಳಕು ಬಿದ್ದು ಲಂಟಾನ ನುಗ್ಗಿದೆ. ಮೇವಿನ ಒತ್ತಡ ಇದೆ, ಹಳೆ ಮರ ಕಡಿದ ಜಾಗ ಇದೆ.

ಬಿಳಿಗಿರಿ_ತಪ್ಪಲು
ಒಪ್ಪಿದೆ. ಒಂದೇ ಕಾರಣ ಅಂತ ನಾನೂ ಹೇಳಿಲ್ಲ. ಇಷ್ಟು ಮಾತ್ರ ಹೇಳ್ತೀನಿ: 2011ರಲ್ಲಿ ಅಲ್ಲಿಯ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿದೆ. ಯಾವ ತುಂಡು ಮೊದಲು ತೆಗೆಯಬೇಕು, ಎಲ್ಲಿ ಯಾವ ಗೆಡ್ಡೆ, ಯಾವ ಹುಲ್ಲು ಇತ್ತು ಅನ್ನೋದು ಅವರಿಗೆ ಗೊತ್ತು. ಟೆಂಡರ್ ಹಿಡಿದು ಲಾರಿಯಲ್ಲಿ ಆಳು ತರುವ ಗುತ್ತಿಗೆದಾರನಿಗೆ ಲಂಟಾನ ಯಾವುದು, ಎಳೆ ಬೀಟೆ ಯಾವುದು ಅನ್ನೋದು ಗೊತ್ತಿರಲ್ಲ. ಎರಡನ್ನೂ ಸವರ್ತಾನೆ.

ಬೇರು_ನೋಡಿ
ಹಳದಿ ಹೂವಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಅದೇ ಹೆಚ್ಚು ತುರ್ತಿನದು.

ಹೂಗೊಂಚಲು ನೋಡಿ. ಕಕ್ಕೆಯ ಗೊಂಚಲು ಸರದ ಹಾಗೆ ಕೆಳಗೆ ಜೋತುಬಿದ್ದಿರುತ್ತೆ. ಕೊಂಬೆಯ ತುದಿಯಲ್ಲಿ ಗೊಂಚಲು ಮೇಲ್ಮುಖವಾಗಿ ನಿಂತಿದ್ದರೆ ಅದು ಸೆನ್ನಾ ಸ್ಪೆಕ್ಟಾಬಿಲಿಸ್, ಹೊರದೇಶದಿಂದ ಬಂದ ಮರ. ಎಲೆ: ಕಕ್ಕೆಗೆ ದೊಡ್ಡ ಕಿರುಎಲೆಗಳು, ಮೂರರಿಂದ ಎಂಟು ಜೊತೆ. ಸೆನ್ನಾಕ್ಕೆ ಸಣ್ಣ, ಚೂಪು ತುದಿಯ ಕಿರುಎಲೆ, ಹತ್ತು ಹದಿನೈದು ಜೊತೆ. ಕಕ್ಕೆಕಾಯಿ ನಿಮಗೆಲ್ಲ ಗೊತ್ತು, ಕೋಲಿನ ಹಾಗೆ ಗಟ್ಟಿ, ಕಪ್ಪು. ಇನ್ನು ತಂಗಡಿ ನಮ್ಮದೇ ಪೊದೆ, ಅದನ್ನ ಮುಟ್ಟಬೇಡಿ.

'ಸಾಲಾಗಿ ಎದ್ದಿವೆ' ಅಂದಿರೋದರಿಂದ ನನಗೆ ಸೆನ್ನಾದ ಅನುಮಾನವೇ ಹೆಚ್ಚು. ವಯನಾಡಿನಲ್ಲಿ ಸಾಮಾಜಿಕ ಅರಣ್ಯದ ಹೆಸರಲ್ಲಿ ನೆರಳಿಗೆ, ಚೆಂದಕ್ಕೆ ಅಂತ ನೆಟ್ಟಿದ್ದು, ಈಗ ವಯನಾಡು, ಮುದುಮಲೆ, ಬಂಡೀಪುರ, ನಾಗರಹೊಳೆ ನಾಲ್ಕೂ ಕಡೆ ಇದೆ. ಮರ ಆಗುವ ಜಾತಿ, ಆದ್ದರಿಂದ ಲಂಟಾನಕ್ಕಿಂತ ಕೆಟ್ಟದ್ದು. ಅದರ ಕೆಳಗೆ ಹುಲ್ಲು ನಿಲ್ಲಲ್ಲ, ಜಿಂಕೆ, ಆನೆ ಎಲೆಗೆ ಬಾಯಿ ಹಾಕಲ್ಲ.

ಕಾಡಂಚು_ಗುಂಡ್ಲುಪೇಟೆ
ಈಗಷ್ಟೇ ಪಟ ತರಿಸಿ ನೋಡಿದೆ. ಗೊಂಚಲು ಮೇಲಕ್ಕೇ ನಿಂತಿದೆ, ಕಿರುಎಲೆ ಹನ್ನೆರಡು ಜೊತೆ. ಕಡಿದು ಹಾಕಿಸಲಾ?

ಬೇರು_ನೋಡಿ
ಕಡಿಯಬೇಡಿ!! ಕಡಿದರೆ ಮೋಟಿನಿಂದ ಗುಂಪು ಚಿಗುರು ಬರುತ್ತೆ, ಒಂದು ಮರ ಇದ್ದದ್ದು ಪೊದೆ ಆಗುತ್ತೆ.

ಎರಡು ದಾರಿ. ಮಣಿಕಟ್ಟಿಗಿಂತ ಸಣ್ಣ ಸಸಿ ಇದ್ದರೆ ಮಳೆ ಬಿದ್ದ ಮೇಲೆ ಬೇರುಸಮೇತ ಕೀಳಬೇಕು. ಕೈಗೆ ಬಾರದಿದ್ದರೆ ಸನ್ನೆಕೋಲಿನ ಹಾಗೆ ಬುಡ ಕಚ್ಚಿ ಎತ್ತುವ ಕಬ್ಬಿಣದ ಸಾಧನ ಸಿಗುತ್ತೆ, ಊರ ಕಮ್ಮಾರರೂ ಮಾಡಿಕೊಡ್ತಾರೆ. ದೊಡ್ಡದಾಗಿದ್ದರೆ ತೊಗಟೆ ಸುಲಿಯೋದು. ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯ ಶಿಫಾರಸು: ನೆಲದಿಂದ 1.3 ಮೀಟರ್ ಎತ್ತರದಿಂದ ಶುರು ಮಾಡಿ ಬುಡದ ತನಕ ತೊಗಟೆ ಪೂರ್ತಿ ತೆಗೆಯಬೇಕು, ಮರದ ಮೈಗೆ ಅಂಟಿದ ಲೋಳೆ ಪದರವನ್ನೂ ಕೆರೆದು ಹಾಕಬೇಕು. ಆಮೇಲೆ ತಿಂಗಳಿಗೊಮ್ಮೆ ಬಂದು ಹೊಸ ಮೊಗ್ಗು ಮುರಿಯಬೇಕು. ಸುಮಾರು ಒಂದೂವರೆ ವರ್ಷಕ್ಕೆ ಮರ ನಿಂತಲ್ಲೇ ಸಾಯುತ್ತೆ.

ತಪ್ಪು ನಡೆಯೋದು ಮೂರು ಕಡೆ. ಒಂದು, ಅಂಗೈ ಅಗಲ ಬಳೆಯ ಹಾಗೆ ಸುಲಿದು ಬಿಡೋದು. ಕೆಳಗಿನ ತೊಗಟೆಯಿಂದ ಚಿಗುರುತ್ತೆ. ಎರಡು, ಬುಡದಲ್ಲಿ ಬೇರು ಕವಲೊಡೆಯುವ ಮಡಿಕೆಗಳಲ್ಲಿ ತೊಗಟೆಯ ಪಟ್ಟಿ ಉಳಿಸೋದು. ಬೆರಳಗಲ ಉಳಿದರೂ ಸಾಕು, ಅದರ ಮೂಲಕ ಎಲೆಯ ಆಹಾರ ಬೇರಿಗೆ ಇಳಿಯುತ್ತೆ, ಮರ ಬದುಕುತ್ತೆ. ಮೂರು, ತಿಂಗಳ ಮೊಗ್ಗು ಮುರಿಯೋ ಕೆಲಸಕ್ಕೆ ಕೂಲಿ ಇಡದೇ ಇರೋದು.

ದಾರಿ, ಮನೆ, ಕರೆಂಟ್ ಲೈನ್ ಪಕ್ಕದ ಮರಕ್ಕೆ ಇದು ಬೇಡ. ಒಣಗಿ ನಿಂತ ಮರ ಯಾವಾಗ ಬೀಳುತ್ತೆ ಹೇಳೋಕಾಗಲ್ಲ.

ಒಂದ್_ಸಾಲು
ನೆಡೋವಾಗ ವನಮಹೋತ್ಸವ, ಸುಲಿಯೋವಾಗ ಯಾವ ಉತ್ಸವ?

ಅಡಿಕೆ_ಸೊಪ್ಪು
ಸೆನ್ನಾ ಮರ ಕಾಗದದ ಕಾರ್ಖಾನೆಗೆ ಹೋಗ್ತದೆ ಅಂತ ಓದಿದ ನೆನಪು. ಮಾರಿದರೆ ಖರ್ಚಾದರೂ ಹುಟ್ಟಬಹುದಲ್ಲ?

ಬೇರು_ನೋಡಿ
ತಮಿಳುನಾಡಿನಲ್ಲಿ ನೀಲಗಿರಿ ಕಡೆ ಕಡಿದ ಸೆನ್ನಾ ಅಲ್ಲಿಯ ಸರ್ಕಾರಿ ಕಾಗದ ಕಾರ್ಖಾನೆ ಟಿಎನ್‌ಪಿಎಲ್‌ಗೆ ಹೋಗಿದೆ. ಕೆಲಸ ಮಾಡುತ್ತೆ, ಆದರೆ ಒಂದು ಷರತ್ತಿನಲ್ಲಿ: ಕಡಿದ ಮೋಟನ್ನೂ ಕೀಳಬೇಕು, ಇಲ್ಲ ಬುಡದ ತನಕ ಸುಲಿಯಬೇಕು. ಮರ ಸಾಗಿಸಿದವನಿಗೆ ದುಡ್ಡು ಮರದ ತೂಕಕ್ಕೆ ಸಿಗೋದು, ಮೋಟಿಗಲ್ಲ. ಒಪ್ಪಂದದಲ್ಲೇ ಮೋಟಿನ ಮಾತು ಬರೆಸಿಕೊಳ್ಳದಿದ್ದರೆ ಮುಂದಿನ ಮಳೆಗೆ ಕಥೆ ಮೊದಲಿನಿಂದ.

ಹುಲ್ಲುಬಯಲು
ಲಂಟಾನ ಪೀಠೋಪಕರಣಕ್ಕೂ ಇದೇ ಮಾತು ಅನ್ವಯ. ಮಲೆಮಹದೇಶ್ವರ ಬೆಟ್ಟದಲ್ಲಿ ಏಟ್ರೀ ಅನ್ನೋ ಪರಿಸರ ಸಂಶೋಧನಾ ಸಂಸ್ಥೆ ಕಲಿಸಿದ ಕಸುಬು ಒಳ್ಳೆಯದು, ಕುರ್ಚಿ, ಬುಟ್ಟಿ ಗಟ್ಟಿ ಬರುತ್ತವೆ. ಕಡ್ಡಿಯನ್ನ ಡ್ರಮ್ಮಿನಲ್ಲಿ ಕುದಿಸಿ, ಬಿಸಿ ಇದ್ದಾಗಲೇ ಸಿಪ್ಪೆ ಸುಲಿದು ಬಾಗಿಸಬೇಕು, ಗೆದ್ದಲು ಸುಲಭಕ್ಕೆ ಹತ್ತಲ್ಲ. ನಿಜ ಆನೆಯ ಅಳತೆಗೆ ಸರಿಯಾಗಿ ಮಾಡಿದ ಲಂಟಾನದ ಆನೆಗಳು 2021ರಲ್ಲಿ ಲಂಡನ್ನಿನ ಪಾರ್ಕುಗಳಲ್ಲಿ ನಿಂತಿದ್ದವು. ಕಸುಬಾಗಿ ಸಂತೋಷ. ಆದರೆ ಕಸುಬಿನಿಂದ ಕಾಡಿನ ಲಂಟಾನ ಮುಗಿಯುತ್ತೆ ಅನ್ನೋದು ಲೆಕ್ಕಕ್ಕೆ ಕೂರಲ್ಲ. ನೇರ ಇರೋ, ಹೆಬ್ಬೆರಳು ದಪ್ಪದ ಕಡ್ಡಿ ಮಾತ್ರ ಬೇಕು ಅವರಿಗೆ. ಭಾರತದ ಹುಲಿ ಇರುವ ಕಾಡುಗಳಲ್ಲಿ 1,54,000 ಚದರ ಕಿ.ಮೀ.ಗೂ ಹೆಚ್ಚು ಜಾಗ ಲಂಟಾನ ಹಿಡಿದಿದೆ ಅಂತ 2020ರ ಅಧ್ಯಯನ ಅಂದಾಜು ಮಾಡಿತ್ತು. ಎಷ್ಟು ಕುರ್ಚಿ ಮಾಡ್ತೀರಿ?

ಬಿಳಿಗಿರಿ_ತಪ್ಪಲು
ಕುರ್ಚಿ ಮಾಡೋರು ಯಾರೂ 'ಕಾಡು ಉಳಿಸ್ತೀವಿ' ಅಂದಿಲ್ಲ, ಅದು ಪತ್ರಿಕೆಯವರು ಹಚ್ಚಿದ ಬಣ್ಣ. ಕಾಡುತ್ಪತ್ತಿ ಕಡಿಮೆಯಾದ ಮನೆಗೆ ನಾಲ್ಕು ಕಾಸು ಬರುತ್ತೆ, ಅದೇ ಅದರ ಕೆಲಸ.

ಕೀಟಪೆಟ್ಟಿಗೆ
ಇಷ್ಟು ಹೊತ್ತಾದರೂ ಜೈವಿಕ ನಿಯಂತ್ರಣದ ಸುದ್ದಿ ಇಲ್ಲ, ಆಶ್ಚರ್ಯ. ಯಾರಾದರೂ 'ಹುಳ ಬಿಟ್ಟರೆ ಆಗಲ್ವ' ಅಂತ ಕೇಳೋಕೆ ಮುಂಚೆ ನಾನೇ ಹೇಳಿಬಿಡ್ತೀನಿ: ಲಂಟಾನಕ್ಕೆ ಆಗಲ್ಲ.

1921ರಲ್ಲೇ ಹಣ್ಣಿನ ಬೀಜ ಕೊರೆಯೋ ಸಣ್ಣ ನೊಣ ತಂದಿದ್ದರು. ಹಣ್ಣಿಗೆ ತೂತು ಬಿತ್ತು, ಹರಡೋದು ನಿಲ್ಲಲಿಲ್ಲ. 1941ರಲ್ಲಿ ಆಸ್ಟ್ರೇಲಿಯಾದಿಂದ ಟೆಲಿಯೊನೆಮಿಯಾ ಅನ್ನೋ ತಿಗಣೆ ಜಾತಿಯ ಕೀಟ ಡೆಹ್ರಾಡೂನಿಗೆ ಬಂತು. ಪ್ರಯೋಗಾಲಯದಲ್ಲಿ ತೇಗದ ಹೂವಿಗೂ ಬಾಯಿ ಹಾಕಿದ್ದಕ್ಕೆ ಸಾಕಿದ್ದನ್ನೆಲ್ಲ ನಾಶ ಮಾಡಿದರು. ಅಷ್ಟರಲ್ಲಿ ಕೆಲವು ತಪ್ಪಿಸಿಕೊಂಡಿದ್ದವು, ಈಗ ದೇಶದ ತುಂಬ ಇವೆ. ಎಲೆಯ ರಸ ಹೀರುತ್ತೆ, ಗಿಡ ಎಲೆ ಉದುರಿಸುತ್ತೆ, ಮಳೆ ಬಂದರೆ ಮತ್ತೆ ಹಸಿರು. ಲಂಟಾನ ಒಂದೇ ಗಿಡ ಅಲ್ಲ, ತೋಟಗಾರಿಕೆಯವರು ಬೆರೆಸಿ ಬೆರೆಸಿ ಮಾಡಿದ ತಳಿಗಳ ಸಂತೆ. ಕೀಟಕ್ಕೆ ಒಂದು ತಳಿ ಹಿಡಿಸಿದರೆ ಪಕ್ಕದ್ದು ಹಿಡಿಸಲ್ಲ.

ಎಲ್ಲಿ ಗೆದ್ದಿದೆ ಅಂದರೆ ಪಾರ್ಥೇನಿಯಂ. ಮೆಕ್ಸಿಕೋದ ಜೈಗೊಗ್ರಾಮಾ ಜೀರುಂಡೆ 1983ರಲ್ಲಿ ಬಂದು, 1984ರಿಂದ ಬೆಂಗಳೂರಿನಲ್ಲೇ ಮೊದಲು ಬಿಟ್ಟಿದ್ದು. 1990ರ ದಶಕದ ಆರಂಭದಲ್ಲಿ ಸೂರ್ಯಕಾಂತಿ ತಿನ್ನುತ್ತೆ ಅಂತ ಗುಲ್ಲೆದ್ದು ತನಿಖೆಯೂ ಆಯ್ತು; ಸೂರ್ಯಕಾಂತಿಯ ಮೇಲೆ ಅದು ಸಂಸಾರ ನಡೆಸಲ್ಲ. ಲಂಟಾನ ತೆಗೆದ ಜಾಗಕ್ಕೆ ಪಾರ್ಥೇನಿಯಂ ಬಂದರೆ ಜುಲೈ ಹೊತ್ತಿಗೆ ಈ ಜೀರುಂಡೆ ಹೆಚ್ಚಿರೋ ಕಡೆಯಿಂದ, ತೂತು ಮಾಡಿದ ಡಬ್ಬಿಯಲ್ಲಿ ಎಲೆಸಮೇತ, 500ರಿಂದ 1,000 ಹಿಡಿದು ತಂದು ಒಂದೇ ಜಾಗದಲ್ಲಿ ಬಿಡಿ. ಹತ್ತಿಪ್ಪತ್ತು ಬಿಟ್ಟರೆ ಚದುರಿ ಹೋಗುತ್ತವೆ. ನವೆಂಬರ್ ನಂತರ ಮಣ್ಣಿಗೆ ಇಳಿದು ಮಲಗುತ್ತವೆ, ಆಗ ಹುಡುಕಿ ಪ್ರಯೋಜನವಿಲ್ಲ.

ಅಡಿಕೆ_ಸೊಪ್ಪು
ಪಾರ್ಥೇನಿಯಂಗೆ ಉಪ್ಪುನೀರು ಹೊಡೆದರೆ ಸಾಕಲ್ವ?

ಕೀಟಪೆಟ್ಟಿಗೆ
ಸಾಯುತ್ತೆ. ಲೀಟರಿಗೆ 150ರಿಂದ 200 ಗ್ರಾಂ ಉಪ್ಪು, ಹೂ ಬರೋಕೆ ಮುಂಚೆ, ಬಿಸಿಲಿನ ದಿನ, ಎಲೆ ಪೂರ್ತಿ ನೆನೆಯುವಂತೆ. ರಸ್ತೆ ಬದಿಗೆ, ಖಾಲಿ ಸೈಟಿಗೆ ಸರಿ. ಗೋಮಾಳಕ್ಕೆ, ಹೊಲಕ್ಕೆ ಬೇಡವೇ ಬೇಡ. ಹುಲ್ಲು ಬರಲಿ ಅಂತ ಇಷ್ಟೆಲ್ಲ ಮಾಡ್ತಿರೋದು, ಮಣ್ಣಿಗೆ ಉಪ್ಪು ತುಂಬಿದರೆ ಏನು ಬಂತು? ಕೀಳೋದಾದರೆ ಕೈಗವಸು, ತುಂಬುತೋಳಿನ ಅಂಗಿ, ಮೂಗಿಗೆ ಬಟ್ಟೆ. ಚರ್ಮಕ್ಕೆ, ಉಸಿರಿಗೆ ತೊಂದರೆ ಕೊಡುತ್ತೆ.

ಅಡಿಕೆ_ಸೊಪ್ಪು
ಮಲೆನಾಡಿನ ಲೆಕ್ಕ ಬೇರೆ. ಕಮ್ಯುನಿಸ್ಟ್ ಗಿಡವನ್ನ ಹೂ ಬಿಡೋ ಮೊದಲು, ಅಂದ್ರೆ ನವೆಂಬರ್ ಒಳಗೆ, ಕೊಯ್ದು ಅಡಿಕೆ ಬುಡಕ್ಕೆ ಸೊಪ್ಪಾಗಿ ಹಾಕ್ತಾರೆ. ಬೇಗ ಕೊಳೀತದೆ, ಒಳ್ಳೆ ಗೊಬ್ಬರ. ಹೂ ಆದ ಮೇಲೆ ತಂದರೆ ಗಾಳಿಗೆ ಹಾರೋ ಬೀಜ ತೋಟದೊಳಗೇ ಬಿತ್ತಿದ ಹಾಗೆ. ಲಂಟಾನದ ಸೊಪ್ಪು ಹೀಗೆ ಬಳಸಬಹುದಾ?

ಬೇರು_ನೋಡಿ
ಹಣ್ಣಿಲ್ಲದ ಎಲೆ, ಎಳೆ ಕಡ್ಡಿ ಕಾಂಪೋಸ್ಟಿಗೆ ಆಗುತ್ತೆ. ದನ ಕೆದಕುವ ತಿಪ್ಪೆಗೆ ಬೇಡ.

ದನದ ಮಾತು ಬಂತಲ್ಲ. ಲಂಟಾನದ ಎಲೆಯಲ್ಲಿ ಲಂಟಾಡೀನ್ ಅನ್ನೋ ವಿಷ ಇದೆ, ಯಕೃತ್ತು ಕೆಡಿಸುತ್ತೆ. ಊರ ದನ ವಾಸನೆಗೇ ದೂರ ಹೋಗುತ್ತೆ. ಹೊಸದಾಗಿ ಕೊಂಡು ತಂದ, ಹಸಿದ ದನ ತಿಂದುಬಿಡುತ್ತೆ. ಮೆಲುಕು ನಿಲ್ಲುತ್ತೆ, ಸಗಣಿ ಗಟ್ಟಿಯಾಗುತ್ತೆ, ಕಣ್ಣು ಹಳದಿಯಾಗುತ್ತೆ, ಬಿಸಿಲು ಬಿದ್ದ ಕಡೆ ಮೂತಿಯ, ಕಿವಿಯ ಚರ್ಮ ಸುಲಿಯುತ್ತೆ. ನೆರಳಿಗೆ ಕಟ್ಟಿ ಪಶುವೈದ್ಯರನ್ನ ಕರೆಸಬೇಕು. ಬೇಸಿಗೆಯ ಕೊನೆಯಲ್ಲಿ ಬೇರೆ ಹಸಿರು ಇಲ್ಲದಾಗ ಜಾಗ್ರತೆ.

ಟ್ರ್ಯಾಕ್ಟರ್_ಪ್ರಿಯ
ಗ್ಲೈಫೋಸೇಟ್ ಕಳೆನಾಶಕದ ಬಗ್ಗೆ ಯಾರೂ ಮಾತಾಡ್ತಿಲ್ಲ. ಕತ್ತರಿಸಿದ ಬುಡಕ್ಕೆ ಬ್ರಷ್‌ನಲ್ಲಿ ಹಚ್ಚಿದರೆ ಮುಗೀತಲ್ಲ? ಆಸ್ಟ್ರೇಲಿಯಾದಲ್ಲಿ ಮಾಡ್ತಾರೆ.

ಹುಲ್ಲುಬಯಲು
ಮಾಡ್ತಾರೆ, ನಿಜ. ಕತ್ತರಿಸಿದ ಕೂಡಲೇ ಹಚ್ಚಿದರೆ ಬುಡ ಸಾಯುತ್ತೆ. ಆದರೆ 2022ರ ಅಕ್ಟೋಬರ್ ಆದೇಶದಲ್ಲಿ ಕೇಂದ್ರ ಸರ್ಕಾರ ಗ್ಲೈಫೋಸೇಟ್ ಬಳಕೆಯನ್ನ ಪರವಾನಗಿ ಇರುವ ಕೀಟನಿಯಂತ್ರಣದವರಿಗೆ ಮಾತ್ರ ಸೀಮಿತ ಮಾಡಿತ್ತು. ಹುಲಿ ಕಾಡು ತಾಗಿದ, ದನ ಮೇಯುವ, ಕೆರೆಗೆ ನೀರು ಹರಿಯುವ ನೆಲದಲ್ಲಿ ಊರವರು ಕ್ಯಾನ್ ಹಿಡಿದು ಹೊರಟರೆ ಬ್ರಷ್ ಮೂರನೇ ದಿನಕ್ಕೆ ಸ್ಪ್ರೇಯರ್ ಆಗುತ್ತೆ. ಸಿಂಪಡಿಸಿದರೆ ಮೊದಲು ಸಾಯೋದು ಹುಲ್ಲು.

ಜಾಲಿಮುಳ್ಳು_ಸಿರುಗುಪ್ಪ
ವಿಷಯ ಬ್ಯಾರೆ ಆದ್ರೂ ಬುಡದ ಮಾತು ಒಂದ ಅದ, ಅದಕ್ಕ ಬರೀಲಾಕತ್ತೀನಿ. ಬಳ್ಳಾರಿ ಜಾಲಿನೂ ಕಡದ್ರ ಸಾಯಂಗಿಲ್ರಿ, ಬುಡದಾಗಿಂದ ಪಟಪಟ ಒಡೀತದ. ಅದರ ಮೊಗ್ಗು ಲಂಟಾನಕ್ಕಿಂತ ಆಳದಾಗ ಇರ್ತಾವ. ಸುತ್ತ ಮಣ್ಣು ಬಿಡಿಸಿ, ನೆಲದಿಂದ ಒಂದಡಿ ಕೆಳಗ ತಾಯಿಬೇರು ಕಡೀಬೇಕು. ಅದಕ್ಕ ಮಾತ್ರ ಜೆಸಿಬಿ ಕೆಲಸ ಕೊಡ್ತದ, ಆದರ ಬುಡ ಇಡಿಯಾಗಿ ಎತ್ತಿ ಹೊರಗ ಹಾಕಿಸ್ರಿ, ಮುರದು ಬಿಡೂದಲ್ಲ.

ಇದ್ದಿಲಿಗೆ ಕಡಿಯೋರು ಬುಡ ಬಿಡ್ತಾರ, ಮುಂದಿನ ಸಲ ಮತ್ತ ಕಡ್ಡಿ ಬೇಕಲ್ರಿ ಅವರಿಗೆ. ಇನ್ನ ಕಾಯಿ. ಕುರಿ, ದನ ಸಿಹಿ ಕಾಯಿ ತಿಂತಾವ, ಬೀಜ ಜೀರ್ಣ ಆಗಂಗಿಲ್ಲ, ಗೊಬ್ಬರದಾಗ ಹೊಲಕ್ಕ ಬರ್ತದ. ಕಾಯಿ ಹಾಕೂದಿದ್ರ ಗಿರಣ್ಯಾಗ ಬೀಜಸಮೇತ ಪುಡಿ ಮಾಡಿಸಿ ಹಾಕ್ರಿ. ಗುಜರಾತದ ಬನ್ನಿ ಹುಲ್ಲುಗಾವಲಿನಾಗ 1960ರ ದಶಕದಾಗ ಉಪ್ಪುನೆಲ ತಡಿಯಾಕಂತ ಸರ್ಕಾರದವ್ರು ಇದನ್ನ ಹಚ್ಚಿದ್ರು. ಈಗ ಅಲ್ಲಿ ಎಮ್ಮಿ ಕಾಯೋರಿಗೆ ಹುಲ್ಲ ಇಲ್ಲ.

ಅಡಿಕೆ_ಸೊಪ್ಪು
ಅಡ್ಡ ಪ್ರಶ್ನೆ, ಕ್ಷಮಿಸಿ. ತೋಟಕ್ಕೆ ಆಫ್ರಿಕನ್ ಬಸವನಹುಳು ಬಂದಿದೆ. ಉಪ್ಪು ಚೆಲ್ಲಿದರೆ ಸಾಕಾ?

ಕೀಟಪೆಟ್ಟಿಗೆ
ತೋಟದಲ್ಲಿ ಉಪ್ಪು ಚೆಲ್ಲಬೇಡಿ, ಅಡಿಕೆ ಬೇರಿಗೆ ಪೆಟ್ಟು. ಸಂಜೆ ಗೋಣಿಚೀಲ ನೆನೆಸಿ, ಕೆಳಗೆ ಪಪ್ಪಾಯಿ ಎಲೆ, ಕೋಸಿನ ಎಲೆ ಇಟ್ಟು ಅಲ್ಲಲ್ಲಿ ಹಾಸಿ. ಬೆಳಗ್ಗೆ ಬಿಸಿಲೇರುವ ಮುಂಚೆ ಚೀಲ ಎತ್ತಿದರೆ ಗುಂಪಾಗಿ ಸಿಗುತ್ತವೆ. ಬರಿಗೈಯಲ್ಲಿ ಮುಟ್ಟಬೇಡಿ, ಮಿದುಳಿಗೆ ತೊಂದರೆ ಮಾಡುವ ಜಂತು ಅದರಲ್ಲಿ ಇರಬಹುದು. ಬಕೆಟ್ಟಿನ ಗಟ್ಟಿ ಉಪ್ಪುನೀರಿಗೆ ಹಾಕಿ, ಸತ್ತ ಮೇಲೆ ಹೂಳಿ. ಮಣ್ಣಿನಲ್ಲಿ ಸಾಬಕ್ಕಿಯ ಹಾಗೆ ಮೊಟ್ಟೆ ಕಂಡರೆ ಅವನ್ನೂ ಬಿಡಬೇಡಿ. ಮೆಟಾಲ್ಡಿಹೈಡ್ ಗುಳಿಗೆ ಹಾಕುವುದಾದರೆ ನಾಯಿ ಕಟ್ಟಿಹಾಕಿ. ಅದು ನಾಯಿಗೆ ವಿಷ. ಅಕ್ಕಪಕ್ಕದ ತೋಟದವರೂ ಒಟ್ಟಿಗೆ ಮಾಡದಿದ್ದರೆ ಬೇಲಿ ದಾಟಿ ಮತ್ತೆ ಬರುತ್ತವೆ. ಉಳಿದದ್ದಕ್ಕೆ ಬೇರೆ ಚರ್ಚೆ ತೆರೆಯಿರಿ, ಇಲ್ಲಿ ಲಂಟಾನದವರು ಕಾಯ್ತಿದ್ದಾರೆ.

ಕಾಡಂಚು_ಗುಂಡ್ಲುಪೇಟೆ
ಎಲ್ಲರಿಗೂ ನಮಸ್ಕಾರ. ಪಂಚಾಯ್ತಿಗೆ ಹೇಳೋದು: ಜೆಸಿಬಿ ಬೇಡ, ಬೆಂಕಿ ಬೇಡ, ಬುಡದ ಗಂಟಿನ ಕೆಳಗೆ ಕತ್ತರಿಸಿ ತಲೆಕೆಳಗು ಇಡೋದು. ಮೊದಲ ವರ್ಷ ಎಷ್ಟು ಎಕರೆ, ಯಾವ ಕಡೆಯಿಂದ?

ಹುಲ್ಲುಬಯಲು
ಒಂದೂವರೆ ಎಕರೆ. ದಟ್ಟ ಇರೋ ನಡುವಿನಿಂದ ಶುರು ಮಾಡೋದು ಎಲ್ಲರೂ ಮಾಡೋ ಕೆಲಸ, ಪಟದಲ್ಲಿ ಚೆನ್ನಾಗಿ ಕಾಣುತ್ತೆ. ನೀವು ತೆಳುವಾಗಿರೋ ಅಂಚಿನಿಂದ ಶುರು ಮಾಡಿ, ಹುಲ್ಲು ಇನ್ನೂ ಬದುಕಿರೋ ಕಡೆಯಿಂದ. ಅಲ್ಲಿ ತೆಗೆದರೆ ಹುಲ್ಲು ತಾನೇ ಹಬ್ಬುತ್ತೆ, ನೆಡುವ ಖರ್ಚು ಉಳಿಯುತ್ತೆ. ಇಳಿಜಾರಿದ್ದರೆ ಮೇಲಿನಿಂದ ಕೆಳಕ್ಕೆ, ನೀರಿನ ಜೊತೆ ಬೀಜ ಇಳಿಯೋದರಿಂದ. ಒಂದೇ ಸಲಕ್ಕೆ ಬಯಲು ಮಾಡಬೇಡಿ, ಪಿಕಳಾರಕ್ಕೂ ಮೊಲಕ್ಕೂ ಸದ್ಯಕ್ಕೆ ಅದೇ ಮರೆ. ಲಂಟಾನದ ಮುಳ್ಳಿನ ಒಳಗೆ ದನದ ಬಾಯಿಂದ ತಪ್ಪಿಸಿಕೊಂಡ ನೆಲ್ಲಿ, ಬೀಟೆ, ಹೊನ್ನೆ ಸಸಿ ಇರುತ್ತೆ. ಮಚ್ಚು ಹಿಡಿಯೋಕೆ ಮುಂಚೆ ಸಿಕ್ಕ ಸಸಿಗೆಲ್ಲ ಬಣ್ಣದ ಬಟ್ಟೆ ಕಟ್ಟಿ.

ಬೇರು_ನೋಡಿ
ಸೆನ್ನಾ ಸಾಲು ಮಾತ್ರ ಈ ಲೆಕ್ಕಕ್ಕೆ ಸೇರಿಸಬೇಡಿ. ಅದನ್ನ ಪೂರ್ತಿ ಈ ವರ್ಷವೇ, ಕಾಯಿ ಬಲಿಯೋಕೆ ಮುಂಚೆ.

ಅನುಮತಿ: ಗೋಮಾಳ ಕಂದಾಯದ್ದು, ಪಂಚಾಯ್ತಿ ನಿರ್ಣಯ ಮಾಡಿಸಿ, ಮರ ಮುಟ್ಟೋದರಿಂದ ವಲಯ ಅರಣ್ಯಾಧಿಕಾರಿಗೂ ಬರೆದುಕೊಡಿ. ಬೇಲಿಯಾಚೆಯ ಕಾಡಿನೊಳಗೆ ಒಂದು ಕಡ್ಡಿಯನ್ನೂ ಮುಟ್ಟಬೇಡಿ, ಅದು ಇಲಾಖೆಯ ಕೆಲಸ. ಉದ್ಯೋಗ ಖಾತರಿ ಕೆಲಸದ ಅಂದಾಜಿನಲ್ಲಿ ಎರಡನೇ, ಮೂರನೇ ವರ್ಷದ ಸಸಿ ಕೀಳುವ ಕೂಲಿಯನ್ನ ಈಗಲೇ ಬರೆಸಿ, ಆಮೇಲೆ ಸೇರಿಸೋಕೆ ಹೋದರೆ ಕಡತ ಕದಲಲ್ಲ.

ಬಿಳಿಗಿರಿ_ತಪ್ಪಲು
ಕೆಲಸಕ್ಕೆ ಇಳಿಯೋ ಮುಂಚೆ ತಮಟೆ ಬಡಿಸಿ, ಒಂದು ಬದಿ ತೆರೆದು ಬಿಡಿ. ಒಳಗಿರೋ ಹಂದಿಗೆ ಓಡೋಕೆ ದಾರಿ ಬೇಕು, ಇಲ್ಲದಿದ್ದರೆ ಆಳಿನ ಮೇಲೇ ಬರುತ್ತೆ. ಆನೆ ಓಡಾಡೋ ಕಡೆ ಬೆಳಗ್ಗೆ 9ಕ್ಕೆ ಮುಂಚೆ, ಸಂಜೆ 4ರ ಮೇಲೆ ಯಾರೂ ಬೇಡ. ಉಣ್ಣಿ ಹುಳ ಹತ್ತುತ್ತೆ, ಗಂಬೂಟ್ ಕಡ್ಡಾಯ.

ಕಾಡಂಚು_ಗುಂಡ್ಲುಪೇಟೆ
ಸನ್ನೆಕೋಲಿನ ಸಾಧನದ ಅಳತೆ ಇದ್ದರೆ ಹಾಕಿ, ಊರ ಕಮ್ಮಾರರ ಹತ್ತಿರ ಎರಡು ಮಾಡಿಸ್ತೀವಿ.

ಬೇರು_ನೋಡಿ
ಹಿಡಿ 4 ಅಡಿ ಕಬ್ಬಿಣದ ಪೈಪು. ಬುಡದಲ್ಲಿ ಅಂಗೈ ಅಗಲದ ತಟ್ಟೆ, ಮೆತ್ತನೆ ಮಣ್ಣಲ್ಲಿ ಹೂತು ಹೋಗದಿರೋಕೆ. ಅದರ ಮೇಲೆ ಎರಡು ದವಡೆ, ಒಂದು ಕದಲದ್ದು, ಒಂದು ಹಿಡಿಗೆ ಬೆಸೆದದ್ದು, ಹಿಡಿ ಹಿಂದಕ್ಕೆ ಎಳೆದಾಗ ಕಚ್ಚುವಂತೆ. ದವಡೆ 2 ಇಂಚು ಬಾಯಿ ಬಿಟ್ಟರೆ ಸಾಕು, ಒಳಮೈಗೆ ಹಲ್ಲು ಇರಲಿ, ನುಣುಪಾಗಿದ್ದರೆ ತೊಗಟೆ ಮಾತ್ರ ಸುಲಿದು ಜಾರುತ್ತೆ. ಕಚ್ಚಿಸೋದು ಮಣ್ಣಿಗೆ ತಾಗಿ, ಮೇಲೆ ಕಚ್ಚಿಸಿದರೆ ಕಾಂಡ ಮುರಿಯುತ್ತೆ.